ಜೀನೋಮಿಕ್ಸ್ ಓದ್ಬೇಕಾ? ಮೊದಲು ಇದನ್ನ ಕೇಳಿ

ಪಿಯುಸಿಯಲ್ಲಿ ಲೆಕ್ಕಕ್ಕೆ ಹೆದರಿ ಬಯಾಲಜಿ ಹಿಡಿದವರೇ, ಸ್ವಲ್ಪ ನಿಲ್ಲಿ.

ಮನುಷ್ಯನ ಜೀನೋಮ್ ಅಂದ್ರೆ ಎ, ಸಿ, ಜಿ, ಟಿ ಅನ್ನೋ ನಾಲ್ಕೇ ಅಕ್ಷರ ಬಳಸಿ ಬರೆದ, ಸುಮಾರು 300 ಕೋಟಿ ಅಕ್ಷರಗಳ ಗ್ರಂಥ. ಅದನ್ನ ಯಾವ ಮಷೀನೂ ಮೊದಲಿಂದ ಕೊನೇವರೆಗೆ ಒಂದೇ ಉಸಿರಿಗೆ ಓದಲ್ಲ. ಹೆಚ್ಚು ಬಳಕೆಯಲ್ಲಿರೋ ಸೀಕ್ವೆನ್ಸರ್‌ಗಳು 150 ಅಕ್ಷರದ ಆಸುಪಾಸಿನ ತುಣುಕು ಕೊಡ್ತವೆ, ಕೋಟಿಗಟ್ಟಲೆ. ಒಂದೇ ಗ್ರಂಥದ ಮೂವತ್ತು ತಾಳೆಗರಿ ಪ್ರತಿಗಳನ್ನ ಚೂರು ಮಾಡಿ, ಗುಡ್ಡೆ ಹಾಕಿದ ಹಾಗೆ. ಯಾವ ಚೂರು ಎಲ್ಲಿಗೆ ಸೇರ್ಬೇಕು, ಈ ಒಂದು ಅಕ್ಷರ ಬೇರೆ ಇರೋದು ನಿಜವಾದ ವ್ಯತ್ಯಾಸವೋ ಮಷೀನಿನ ತಪ್ಪೋ? ಅದನ್ನ ತೀರ್ಮಾನಿಸೋದೇ ಬಯೋಇನ್ಫರ್ಮ್ಯಾಟಿಕ್ಸ್‌ನ ಅರ್ಧ ಬದುಕು.

ಅದಕ್ಕೆ ಲಿನಕ್ಸ್ ಬೇಕು, ಪೈಥಾನ್ ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಸ್ಟ್ಯಾಟಿಸ್ಟಿಕ್ಸ್ ಬೇಕು. ಹೌದು, ನೀವು ಬಿಟ್ಟು ಬಂದ ಲೆಕ್ಕ ಇಲ್ಲಿ ಕಾಯ್ತಾ ಕೂತಿದೆ.

ಬೆಂಗಳೂರಿನ ಐಐಎಸ್‌ಸಿಯ ಮೆದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ ನಡೆದ ಜೀನೋಮ್ ಇಂಡಿಯಾ ಯೋಜನೆ 10,000 ಭಾರತೀಯರ ಜೀನೋಮ್ ಕಲೆಹಾಕಿತು. 2025ರ ಜನವರಿಯಲ್ಲಿ ಆ ಡೇಟಾ ಸಂಶೋಧಕರಿಗೆ ಸಿಗೋ ಹಾಗಾಯ್ತು. ಅದನ್ನ ಜರಡಿ ಹಿಡಿಯೋ ಕೈಗಳು ಬೇಕು.

ಎಂಎಸ್‌ಸಿಗೆ ದುಡ್ಡು ಕಟ್ಟೋ ಮುಂಚೆ ಸಿಲಬಸ್ ತೆಗೆದು ನೋಡಿ. ಸ್ಟ್ಯಾಟಿಸ್ಟಿಕ್ಸ್ ಬರೀ ಹೆಸರಿಗಿದ್ರೆ, ಬೇರೆ ಕಾಲೇಜು ಹುಡುಕಿ.