ಗೆದ್ದರೂ ಉಳಿಯದ ಒಕ್ಕೂಟ

ಅಮೆರಿಕದ ಕಾಲೇಜು ಫುಟ್‌ಬಾಲ್ ಎಂದರೆ ಚೆಂಡನ್ನು ತೋಳಲ್ಲಿ ಅವುಚಿಕೊಂಡು ನುಗ್ಗುವ ಆಟ. ಅಲ್ಲಿ ವಿಶ್ವವಿದ್ಯಾಲಯಗಳು ‘ಕಾನ್ಫರೆನ್ಸ್’ ಎಂಬ ಒಕ್ಕೂಟಗಳಲ್ಲಿ ಸೇರಿ ಆಡುತ್ತವೆ. 1915ರಲ್ಲಿ ಬೇರುಬಿಟ್ಟ ಪಶ್ಚಿಮ ಕರಾವಳಿಯ ಒಕ್ಕೂಟ ಪ್ಯಾಕ್-12. ಅದರ 2023ರ ಋತು ಹೇಳುವ ಪಾಠ ಇಷ್ಟೇ: ಒಕ್ಕೂಟವನ್ನು ಉಳಿಸುವುದು ಮೈದಾನದ ಆಟವಲ್ಲ, ಟಿವಿ ಒಪ್ಪಂದ. ಆಟಕ್ಕೇನೂ ಕೊರತೆಯಿರಲಿಲ್ಲ. ಅಕ್ಟೋಬರ್ 14ರಂದು ಸಿಯಾಟಲ್‌ನಲ್ಲಿ ಗಡಿಯಾರ ಸೊನ್ನೆಗಿಳಿಯುವಾಗ ಆರೆಗನ್ ತಂಡ 43 ಗಜ ದೂರದಿಂದ ಒದ್ದ ಚೆಂಡು ಗುರಿ ತಪ್ಪಿತು. ವಾಷಿಂಗ್ಟನ್ 36–33ರಿಂದ ಬಚಾವಾಯಿತು. ಡಿಸೆಂಬರ್ 1ರ ಒಕ್ಕೂಟದ ಫೈನಲ್‌ನಲ್ಲೂ ಅದೇ ಜೋಡಿ, ಅದೇ ಮೂರು ಅಂಕಗಳ ಅಂತರ: 34–31. ಮುಂದೆ ಟೆಕ್ಸಸನ್ನೂ ಮಣಿಸಿದ ವಾಷಿಂಗ್ಟನ್ ಸೋತದ್ದು ರಾಷ್ಟ್ರೀಯ ಫೈನಲ್‌ನಲ್ಲಿ, ಮಿಷಿಗನ್‌ಗೆ ಮಾತ್ರ. ಆದರೂ 2024ರಲ್ಲಿ ಹನ್ನೆರಡರಲ್ಲಿ ಹತ್ತು ಸದಸ್ಯರು ಟಿವಿ ಹಣ ಅರಸಿ ಬೇರೆ ಒಕ್ಕೂಟಗಳಿಗೆ ಗಂಟುಮೂಟೆ ಕಟ್ಟಿದರು. ಉಳಿದದ್ದು ಆರೆಗನ್ ಸ್ಟೇಟ್, ವಾಷಿಂಗ್ಟನ್ ಸ್ಟೇಟ್ ಎರಡೇ.

ಫುಟ್‌ಬಾಲ್ ತರುವ ದುಡ್ಡೇ ಈಜು, ಓಟದಂಥ ಆಟಗಳನ್ನೂ ಸಾಕುತ್ತದೆ, ಹೆಚ್ಚು ಕೊಡುವವರ ಕಡೆ ಹೋದರೆ ತಪ್ಪೇನು ಎಂದು ಕೇಳಬಹುದು. ಮಾತಿನಲ್ಲಿ ಹುರುಳಿದೆ. ಆದರೆ ಆ ಈಜುಗಾರರು, ಓಟಗಾರರೇ ತರಗತಿ ಬಿಟ್ಟು ಖಂಡದ ಆ ತುದಿಗೆ ವಿಮಾನ ಹತ್ತಬೇಕು. ಪೆಸಿಫಿಕ್ ಬದಿಯ ಸ್ಟ್ಯಾನ್‌ಫರ್ಡ್ ಈಗ ‘ಅಟ್ಲಾಂಟಿಕ್ ಕೋಸ್ಟ್’ ಒಕ್ಕೂಟದ ಸದಸ್ಯ! ಒಕ್ಕೂಟಗಳು ಹಿಂದೆಯೂ ಬದಲಾಗಿದ್ದವು, ನಿಜ. ಆಗ ಅವುಗಳನ್ನು ಕಟ್ಟಿದ್ದು ನೆರೆಹೊರೆಯ ಹಟ. ಈಗ ಕಟ್ಟುತ್ತಿರುವುದು ಪ್ರಸಾರದ ಲೆಕ್ಕ. ನೆರೆಯವರ ಜಿದ್ದೇ ಇಲ್ಲದಿದ್ದರೆ ಟಿವಿಯವರಾದರೂ ಮಾರುವುದು ಏನನ್ನು?