ನಿಮಗಿದು ಗೊತ್ತೆ? ಜಪಾನಿ ಕಾದಾಟದಲ್ಲೊಬ್ಬ ಭಾರತದ ಯೋಗಿ

ವಿಡಿಯೊ ಗೇಮ್ ಪರದೆಯ ಕಾದಾಟವನ್ನು ಮನೆಮಾತಾಗಿಸಿದ್ದು ಜಪಾನಿನ ಕ್ಯಾಪ್ಕಾಮ್ ಕಂಪನಿಯ 'ಸ್ಟ್ರೀಟ್ ಫೈಟರ್ 2' (1991). ಅದರಲ್ಲಿ ಧಾಲ್ಸಿಮ್ ಎಂಬ ಭಾರತದ ಯೋಗಿಯಿದ್ದಾನೆ. ಕೊರಳಲ್ಲಿ ಪುಟ್ಟ ತಲೆಬುರುಡೆಗಳ ಮಾಲೆ, ಬೇಕಾದಷ್ಟು ಉದ್ದ ಚಾಚುವ ಕೈಕಾಲು, ಬಾಯಲ್ಲಿ ಬೆಂಕಿ! ಸ್ವಭಾವದಲ್ಲಿ ಮಾತ್ರ ಶಾಂತಿಪ್ರಿಯ. ಕಾದಾಡುವುದು ಬಡ ಊರಿಗೆ ಹಣ ಕೂಡಿಸಲು.

1994ರಲ್ಲಿ ನಿರ್ದೇಶಕ ಗಿಸಾಬುರೊ ಸುಗಿಯಿ ಈ ಆಟವನ್ನು ಅನಿಮೆ (ಜಪಾನಿ ಅನಿಮೇಶನ್) ಚಿತ್ರ ಮಾಡಿದರು. ಅಲ್ಲೂ ಧಾಲ್ಸಿಮ್ ಸುಮೊ ಪಟು ಹೊಂಡಾನೊಡನೆ ಸೆಣಸುತ್ತಾನೆ. ಮರುವರ್ಷ ಅದೇ ನಿರ್ದೇಶಕರ 29 ಕಂತುಗಳ ಟಿ.ವಿ. ಸರಣಿಯಲ್ಲಿ ನಾಯಕರಾದ ರ್‍ಯೂ, ಕೆನ್ ಇವನನ್ನು ಹುಡುಕಿಕೊಂಡು ಭಾರತಕ್ಕೇ ಬರುತ್ತಾರೆ. 1994ರ ಕೊನೆಗೆ ಬಂದ ಹಾಲಿವುಡ್ ಚಿತ್ರವೋ ಧಾಲ್ಸಿಮ್‌ನನ್ನು ಪ್ರಯೋಗಾಲಯದ ವಿಜ್ಞಾನಿಯಾಗಿಸಿಬಿಟ್ಟಿತು!