ಗುರಿಯ ರೈಫಲಿಗೊಂದು ನಳಿಗೆ

ಗುರಿಯಾಟಕ್ಕೆಂದು ರೈಫಲನ್ನು ಕೊಳ್ಳಹೊರಟವನ ಕಣ್ಣು ಮೊದಲು ಹೋಗುವುದು ಅದರ ಹಿಡಿಯ ಮರದ ಮೆರುಗಿನ ಮೇಲೆ. ಅನಂತರ, ಮೇಲೆ ಕೂರಿಸುವ ದುರ್ಬೀನಿನ ಮೇಲೆ. ನಳಿಗೆಯ ವಿಚಾರ ಮನಸ್ಸಿಗೆ ಬರುವುದು, ಬಂದರೆ, ಹಣದ ಚೀಲ ಬಹುಮಟ್ಟಿಗೆ ಬರಿದಾದ ಮೇಲೆ. ಈ ಕ್ರಮ ತಲೆಕೆಳಗಾದುದೆಂದು ನನ್ನ ನಂಬಿಕೆ. ಹಿಡಿ, ಟ್ರಿಗರ್, ದುರ್ಬೀನು ಇವೆಲ್ಲ ಈಡುಗಾರನಿಗೆ ನೆರವಾಗುವ ಸಾಧನಗಳು. ಗುಂಡಿಗೆ ದಿಕ್ಕನ್ನೂ ಭ್ರಮಣವನ್ನೂ ಕೊಟ್ಟು ಕಳುಹಿಸುವುದು ನಳಿಗೆಯೊಂದೇ, ಮತ್ತು ಅದರ ಬಾಯಿಂದ ಹೊರಬಿದ್ದ ಗುಂಡನ್ನು ಯಾರ ಕೌಶಲವೂ ತಿದ್ದಲಾರದು. ಹಾಗೆಂದು ಒಳ್ಳೆಯ ನಳಿಗೆ ಕೇವಲ ಶ್ರೀಮಂತರ ಸ್ವತ್ತಲ್ಲ. ಯಾವುದಕ್ಕೆ ಹಣ ಕೊಡತಕ್ಕದ್ದು, ಯಾವುದಕ್ಕೆ ಕೊಡತಕ್ಕದ್ದಲ್ಲ ಎಂಬುದನ್ನು ಅರಿತವನಿಗೆ ಮಿತವಾದ ಆದಾಯದಲ್ಲಿಯೂ ಎಟುಕುವ ವಸ್ತು ಅದು.

ನಮ್ಮ ಮಲೆನಾಡಿನ ಜೋಡುನಳಿಗೆ ಕೋವಿಯನ್ನು ಬೆಳಕಿಗೆ ಹಿಡಿದು ನೋಡಿದರೆ ಒಳಗೆ ಕಾಣುವುದು ನುಣ್ಣನೆಯ ಕೊಳವೆ. ಅದು ಚರೆಗೆಂದು ಆದುದು. ರೈಫಲಿನ ನಳಿಗೆಯೊಳಗಾದರೋ ಬುಡದಿಂದ ಬಾಯಿಯವರೆಗೆ ಸುತ್ತಿಕೊಂಡು ಹೋಗುವ ಗೀರುಗಳೂ, ಎರಡು ಗೀರುಗಳ ನಡುವೆ ಉಳಿದ ಏಣುಗಳೂ ಇರುತ್ತವೆ. ಗುರಿಯಾಟದಲ್ಲಿ ಬಹಳ ಬಳಕೆಯಲ್ಲಿರುವ 0.308 ಅಂಗುಲದ ಗುಂಡಿನ ನಳಿಗೆಯಲ್ಲಿ ಏಣಿನಿಂದ ಎದುರು ಏಣಿಗೆ 0.300 ಅಂಗುಲ, ಗೀರಿನಿಂದ ಎದುರು ಗೀರಿಗೆ 0.308 ಅಂಗುಲ, ಎಂದರೆ ಗೀರಿನ ಆಳ ಅಂಗುಲದ ಸಾವಿರದಲ್ಲಿ ನಾಲ್ಕೇ ಭಾಗ. ಇಷ್ಟು ಸೂಕ್ಷ್ಮವಾದ ಏಣು ಗುಂಡಿನ ಮೈಯನ್ನು ಕಚ್ಚಿ ತಿರುಗಿಸುತ್ತದೆ. 12 ಅಂಗುಲಕ್ಕೆ ಒಂದು ಸುತ್ತಿನಂತೆ ತಿರುಪಿರುವ ನಳಿಗೆಯಿಂದ ಸೆಕೆಂಡಿಗೆ 2,600 ಅಡಿ ವೇಗದಲ್ಲಿ ಹೊರಡುವ ಗುಂಡು ಅದೇ ಸೆಕೆಂಡಿನಲ್ಲಿ 2,600 ಸುತ್ತು ಸುತ್ತುತ್ತಿರುತ್ತದೆ; ವೇಗವಾಗಿ ತಿರುಗುವ ಬುಗುರಿ ನೆಟ್ಟಗೆ ನಿಲ್ಲುವ ನ್ಯಾಯದಿಂದಲೇ ಅದು ಮೂತಿ ಮುಂದಾಗಿ ಸಾಗುತ್ತದೆ.

ಈ ಭ್ರಮಣದ ಮರ್ಮವನ್ನು ಶಾಸ್ತ್ರೀಯವಾಗಿ ವಿಚಾರಿಸಿದವರಲ್ಲಿ ಅಗ್ರಗಣ್ಯನಾದ ಬೆಂಜಮಿನ್ ರಾಬಿನ್ಸ್ ಎಂಬ ಆಂಗ್ಲ ಗಣಿತಜ್ಞನು 1742ರಲ್ಲಿ ಗುಂಡಿನ ಗತಿಯನ್ನು ಕುರಿತ ತನ್ನ ಗ್ರಂಥವನ್ನು ಪ್ರಕಟಿಸಿ, 1747ರಲ್ಲಿ ತಿರುಪುಗೀರಿನ ನಳಿಗೆಯ ಶ್ರೇಷ್ಠತೆಯನ್ನು ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಪ್ರತಿಪಾದಿಸಿದನು. ಆಮೇಲೆ ಈಸ್ಟ್ ಇಂಡಿಯಾ ಕಂಪನಿಯ ಕೋಟೆಗಳನ್ನು ಸರಿಪಡಿಸಲು ನಮ್ಮ ದೇಶಕ್ಕೆ ಬಂದು, 1751ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡನು. ಅವನ ಮಾತನ್ನು ಸೈನ್ಯಗಳು ಪೂರ್ಣವಾಗಿ ಅಂಗೀಕರಿಸುವ ವೇಳೆಗೆ ಒಂದು ಶತಮಾನವೇ ಕಳೆಯಿತು. ಇಂಗ್ಲೆಂಡಿನ ಸೈನ್ಯದ 1853ರ ಎನ್‌ಫೀಲ್ಡ್ ರೈಫಲಿನ ತಿರುಪು 78 ಅಂಗುಲಕ್ಕೆ ಒಂದು ಸುತ್ತು ಮಾತ್ರ; ಜೋಸೆಫ್ ವಿಟ್‌ವರ್ತ್ ಎಂಬ ಯಂತ್ರಶಿಲ್ಪಿಯು ಷಟ್ಕೋನದ ಒಳಗಂಡಿಯನ್ನು ಮಾಡಿ, ಅದಕ್ಕೆ 20 ಅಂಗುಲಕ್ಕೆ ಒಂದು ಸುತ್ತನ್ನು ಕೊಟ್ಟನು. 1860ರ ಜುಲೈ 2ರಂದು ವಿಂಬಲ್ಡನ್ನಿನ ಬಯಲಿನಲ್ಲಿ ವಿಕ್ಟೋರಿಯಾ ರಾಣಿಯು, ಭದ್ರವಾದ ಆಧಾರದ ಮೇಲೆ ಮೊದಲೇ ಗುರಿಗೆ ಕಟ್ಟಿಟ್ಟಿದ್ದ ಅವನ ರೈಫಲಿನ ಟ್ರಿಗರನ್ನು ರೇಷ್ಮೆಯ ದಾರದಿಂದ ಎಳೆದಾಗ, 400 ಗಜ ದೂರದ ಫಲಕದಲ್ಲಿ ಗುಂಡು ಕೇಂದ್ರಕ್ಕೆ ತೀರ ಸಮೀಪದಲ್ಲಿ ನಾಟಿತು. ಅಂದಿನ ಕೀರ್ತಿಯಲ್ಲಿ ರಾಣಿಗಿಂತ ನಳಿಗೆಗೆ ಸಲ್ಲಬೇಕಾದ ಪಾಲೇ ಹೆಚ್ಚು!

ನಳಿಗೆ ಕೊಳ್ಳುವವನು ನಿರ್ಣಯಿಸಬೇಕಾದ ಮೊದಲನೆಯ ಸಂಗತಿ ಈ ತಿರುಪೇ. 1879ರಲ್ಲಿ ವುಲಿಚ್ಚಿನ ಗಣಿತಾಧ್ಯಾಪಕ ಗ್ರೀನ್‌ಹಿಲ್ ಅದಕ್ಕೊಂದು ಸರಳ ಸೂತ್ರವನ್ನು ಕೊಟ್ಟನು: ಗುಂಡಿನ ವ್ಯಾಸದ ವರ್ಗವನ್ನು 150ರಿಂದ ಗುಣಿಸಿ ಗುಂಡಿನ ಉದ್ದದಿಂದ ಭಾಗಿಸಿದರೆ, ಒಂದು ಸುತ್ತಿಗೆ ಎಷ್ಟು ಅಂಗುಲವೆಂಬುದು ಸ್ಥೂಲವಾಗಿ ದೊರೆಯುತ್ತದೆ. 0.308 ಅಂಗುಲ ವ್ಯಾಸದ, 1.2 ಅಂಗುಲ ಉದ್ದದ ಗುಂಡಿಗೆ ಅದು ಹೆಚ್ಚು ಕಡಮೆ 12 ಅಂಗುಲ. ಗುಂಡು ಉದ್ದವಾದಷ್ಟೂ ತಿರುಪು ಬಿಗಿಯಾಗಬೇಕು. ಆದುದರಿಂದ ಯಾವ ತೋಟಾವನ್ನು ಎಷ್ಟು ದೂರಕ್ಕೆ ಹಾರಿಸಬೇಕೆಂಬುದನ್ನು ನಿಶ್ಚಯಿಸದೆ ನಳಿಗೆಯನ್ನು ಆರಿಸುವುದು ಕಾಲಿನ ಅಳತೆ ಕೊಡದೆ ಜೋಡು ಹೊಲಿಸಿದಂತೆಯೇ ಸರಿ. ಈ ನಿರ್ಣಯಕ್ಕೆ ಕಾಸು ಖರ್ಚಿಲ್ಲ. ತಪ್ಪಿದರೆ ಮಾತ್ರ ಇಡೀ ನಳಿಗೆಯ ಬೆಲೆ ನಷ್ಟ.

ಇನ್ನು ಗೀರು ಹಾಕುವ ವಿಧಾನ. ಒಂದೇ ಹಲ್ಲಿನ ಉಳಿಯಿಂದ, ಪ್ರತಿ ಎಳೆತಕ್ಕೂ ಕಣ್ಣಿಗೆ ಕಾಣದಷ್ಟು ಉಕ್ಕನ್ನು ಕೆರೆದು ತೆಗೆಯುತ್ತ, ತಾಳ್ಮೆಯಿಂದ ಕೊರೆಯುವುದು ಪುರಾತನ ಕ್ರಮ. ಅಮೆರಿಕದ ಜೆರ್ಸಿ ಸಿಟಿಯಲ್ಲಿ ಮುದಿ ವಯಸ್ಸಿನವರೆಗೂ ದುಡಿದ ಹ್ಯಾರಿ ಪೋಪ್ ಈ ಕ್ರಮದ ಆಚಾರ್ಯನೆಂದು ಪ್ರಸಿದ್ಧ. ಅವನ ನಳಿಗೆಯೊಂದರಿಂದ 1901ರಲ್ಲಿ 200 ಗಜದಿಂದ ಹಾರಿಸಿದ ಹತ್ತು ಗುಂಡುಗಳು ಮುಕ್ಕಾಲು ಅಂಗುಲದೊಳಗೆ ಬಿದ್ದವು. ಕ್ರೀಗರ್, ಬಾರ್ಟ್‌ಲೈನ್ ಮುಂತಾದ ಕಾರ್ಯಾಗಾರಗಳು ಇಂದಿಗೂ ಕೊರೆಯುವ ಕ್ರಮವನ್ನೇ ಅನುಸರಿಸುತ್ತವೆ; ಬೆಲೆಯೂ ಅದಕ್ಕೆ ತಕ್ಕಂತೆ. ಎರಡನೆಯದು, ಬಲು ಗಡುಸಾದ ಕಾರ್ಬೈಡಿನ ಗುಂಡಿಯೊಂದನ್ನು ನಳಿಗೆಯೊಳಗೆ ಒಂದೇ ಬಾರಿಗೆ ಎಳೆದು, ಉಕ್ಕನ್ನು ಒತ್ತಿ ಗೀರು ಮೂಡಿಸುವುದು. ಶಿಲೆನ್, ಹಾರ್ಟ್, ಲಿಲ್ಯಾ ಇವರದು ಈ ಮಾರ್ಗ. ಮೂರನೆಯದು, ಒಳಗೆ ಅಚ್ಚನ್ನಿಟ್ಟು ಹೊರಗಿನಿಂದ ಯಂತ್ರದ ಸುತ್ತಿಗೆಗಳಿಂದ ಬಡಿಯುವುದು; ಸೈನ್ಯಕ್ಕೂ ಬೇಟೆಗೂ ಸಾವಿರಗಟ್ಟಲೆ ನಳಿಗೆ ಬೇಕಾದಲ್ಲಿ ಅದು ಅನುಕೂಲ. ಕೊರೆದುದೇ ಶ್ರೇಷ್ಠ, ಒತ್ತಿದುದು ಕನಿಷ್ಠ ಎಂಬ ವಾದ ಬಹಳ ಕಾಲದಿಂದ ನಡೆದುಬಂದಿದೆಯಾದರೂ, ಸ್ಪರ್ಧೆಗಳಲ್ಲಿ ಎರಡೂ ಗೆದ್ದಿವೆ. ಒತ್ತಿದ ಉಕ್ಕಿನಲ್ಲಿ ಬಿಗುಪು ಉಳಿದಿರುತ್ತದೆ. ಅದನ್ನು ಕಾಯಿಸಿ ನಿಧಾನವಾಗಿ ಆರಿಸಿ ಕಳೆಯದೆ ಹೊರಮೈಯನ್ನು ಲೇತಿನಲ್ಲಿ ಸಣ್ಣಗೆ ಮಾಡಿದರೆ ಒಳಗಂಡಿ ಬಾಯಿಯ ಕಡೆ ಹಿಗ್ಗುತ್ತದೆ. ಈ ಕಾಯಿಸಿ ಆರಿಸುವ ಕೆಲಸವನ್ನು ವಿಧಿವತ್ತಾಗಿ ಮಾಡುವ ಕಾರ್ಯಾಗಾರದ ಒತ್ತುಗೀರಿನ ನಳಿಗೆಯೇ ಮಿತವ್ಯಯಿಗೆ ಯೋಗ್ಯವೆಂದು ನಾನು ಹೇಳುವೆನು.

ಅಗ್ಗದ ನಳಿಗೆಗೂ ಒಳ್ಳೆಯ ನಳಿಗೆಗೂ ನಿಜವಾದ ವ್ಯತ್ಯಾಸ ಇರುವುದು ಮುಂದಿನ ಹಂತದಲ್ಲಿ. ಉಕ್ಕಿನ ಸಲಾಕೆಯ ತುದಿಯ ಸುತ್ತ ನಳಿಗೆಯೊಳಗೇ ಕರಗಿದ ಸೀಸವನ್ನು ಹೊಯ್ಯುತ್ತಾರೆ. ಆರಿದ ಸೀಸ ಗೀರು ಏಣುಗಳ ಪಡಿಯಚ್ಚನ್ನು ತಳೆಯುತ್ತದೆ. ಅದಕ್ಕೆ ಎಣ್ಣೆಯನ್ನೂ ನುಣುಪಾದ ಸಾಣೆಪುಡಿಯನ್ನೂ ಸವರಿ ಕೆಲಸಗಾರನು ಹಿಂದಕ್ಕೂ ಮುಂದಕ್ಕೂ ಎಳೆಯುತ್ತಿದ್ದರೆ, ಒಳಗಂಡಿ ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂಬುದು ಅವನ ಅಂಗೈಗೆ ತಿಳಿಯುತ್ತದೆ. ಬಿಗಿಯಾದಲ್ಲಿ ಹೆಚ್ಚು ಉಜ್ಜಿ, ಸಡಿಲವಾದಲ್ಲಿ ಕೈ ಹಗುರಾಗಿಸಿ, ಉದ್ದಕ್ಕೂ ಒಂದೇ ಅಳತೆಗೆ ತರುತ್ತಾನೆ. ಹೀಗೆ ಕೈಯಿಂದ ಉಜ್ಜಿದ ನಳಿಗೆಯಲ್ಲಿ ತಾಮ್ರ ಕಡಮೆ ಅಂಟುತ್ತದೆ, ಶುಚಿಗೊಳಿಸುವುದೂ ಸುಲಭ. ಕೊಡುವ ಹಣ ಈ ಉಜ್ಜುವಿಕೆಗೆ ಸಲ್ಲಲಿ. ಹೊರಮೈಯ ಕನ್ನಡಿಯಂಥ ಹೊಳಪಿಗೂ, ಅಲಂಕಾರದ ಕಾಲುವೆಗಳಿಗೂ, ಇಂಗಾಲದ ನೂಲಿನ ಹೊದಿಕೆಗೂ ಮಿತವ್ಯಯಿಯು ಕೈಮುಗಿದು ಮುಂದೆ ಸಾಗುವುದು ಲೇಸು. ತುಕ್ಕು ಹಿಡಿಯದ ಉಕ್ಕೇ ಆಗಬೇಕೆಂಬ ಹಟವೂ ಬೇಡ. ಕ್ರೋಮ್ ಮಾಲಿಬ್ಡಿನಮ್ ಉಕ್ಕಿನ ನಳಿಗೆ ಎಣ್ಣೆ ಕಾಣುತ್ತಿದ್ದರೆ ಗುರಿಯಲ್ಲಿ ಹಿಂದೆ ಬೀಳುವುದಿಲ್ಲ.

ಉತ್ತಮವಾದ ನಳಿಗೆಯನ್ನು ಅಧಮವಾದ ಜೋಡಣೆ ಕೆಡಿಸಬಲ್ಲದು. ತೋಟಾ ಕೂರುವ ಗೂಡು ಒಳಗಂಡಿಯ ಅಕ್ಷಕ್ಕೆ ಕೂದಲೆಳೆಯಷ್ಟೂ ಓರೆಯಾಗದಂತೆ ಕೊರೆಯಲ್ಪಡಬೇಕು. ನಳಿಗೆಯ ಬಾಯಂಚು ಸುತ್ತಲೂ ಸಮನಾಗಿರಬೇಕು, ಏಕೆಂದರೆ ಗುಂಡನ್ನು ಕಟ್ಟಕಡೆಗೆ ಮುಟ್ಟುವುದು ಆ ಅಂಚೇ. ಅದನ್ನು ಪರೀಕ್ಷಿಸಲು, ತೋಟಾವಿಲ್ಲದ ಬರಿಗೂಡೆಂದು ಖಚಿತಪಡಿಸಿಕೊಂಡು, ಹತ್ತಿ ಸುತ್ತಿದ ಕಡ್ಡಿಯನ್ನು ಒಳಗಿನಿಂದ ಹೊರಕ್ಕೆ ಅಂಚಿನ ಮೇಲೆ ಎಳೆಯುವುದು ಸಾಕು. ಎಲ್ಲಿಯಾದರೂ ಹತ್ತಿಯ ಎಳೆ ಸಿಕ್ಕಿಕೊಂಡರೆ ಅಲ್ಲಿ ಮುಳ್ಳು ಉಳಿದಿದೆಯೆಂದು ಅರ್ಥ. ಅಮೆರಿಕದ ಸ್ಯಾವೇಜ್ ರೈಫಲುಗಳಲ್ಲಿ ನಳಿಗೆಯನ್ನು ಬಿಗಿಯುವುದಕ್ಕೆ ಪ್ರತ್ಯೇಕವಾದ ನಟ್ಟು ಇರುವುದರಿಂದ, ಗೂಡು ಕೊರೆದೇ ಬಂದ ನಳಿಗೆಯನ್ನು ಅಳತೆಗಟ್ಟಿಗಳ ಸಹಾಯದಿಂದ ಕೂರಿಸಬಹುದು. ಅಲ್ಲಿಯ ಬಡ ಸ್ಪರ್ಧಾಳುಗಳಿಗೆ ಇದೊಂದು ದೊಡ್ಡ ಉಪಕಾರ. ಮಿಕ್ಕವರು ನಳಿಗೆಯಲ್ಲಿ ಉಳಿಸಿದ ಹಣವನ್ನು ನುರಿತ ಕೋವಿಯ ಕಮ್ಮಾರನಿಗೆ ಕೊಡುವುದು ವಿವೇಕ.

ಲೆಕ್ಕಾಚಾರದಲ್ಲಿ ಮರೆಯುವ ಇನ್ನೊಂದು ಸಂಗತಿಯೆಂದರೆ ನಳಿಗೆ ಸವೆಯುವ ಪದಾರ್ಥ. ಸುಡುವ ಅನಿಲ ಗೂಡಿನ ಮುಂದಿನ ಕೊರಳನ್ನು ಕೊರೆಯುತ್ತ ಬರುತ್ತದೆ. 0.308ರ ನಳಿಗೆ ಹಲವು ಸಾವಿರ ಈಡುಗಳವರೆಗೆ ಬಾಳಿದರೆ, ಹೆಚ್ಚು ಮದ್ದನ್ನು ಸಣ್ಣ ಗಂಡಿಯಲ್ಲಿ ಸುಡುವ 6.5-284ರಂಥ ತೋಟಾದ ನಳಿಗೆ ಸಾವಿರದ ಆಸುಪಾಸಿನಲ್ಲಿಯೇ ನಿಖರತೆಯನ್ನು ಕಳೆದುಕೊಳ್ಳುತ್ತದೆ. ತೋಟಾ ಒಂದಕ್ಕೆ ಒಂದು ಡಾಲರ್ ಎಂದು ಹಿಡಿದರೂ 4,000 ಈಡಿಗೆ 4,000 ಡಾಲರ್ ಆಯಿತು; ಅದರೆದುರು ಕೆಲವು ನೂರು ಡಾಲರಿನ ನಳಿಗೆ ಎಷ್ಟರದು? ನಿಜವಾಗಿ ದುಬಾರಿಯಾದುದು ಕೆಟ್ಟ ನಳಿಗೆಯಲ್ಲಿ ವ್ಯರ್ಥವಾದ ತೋಟಾ. ಬೆಲೆ ನೋಡಿ ತೋಟಾದ ಜಾತಿಯನ್ನು ಮೊದಲು ಆರಿಸಿ, ಆಮೇಲೆ ನಳಿಗೆಗೆ ಹೊರಡಬೇಕು.

50 ಮೀಟರ್ ಸ್ಪರ್ಧೆಯ .22 ರೈಫಲಿನ ನಳಿಗೆಯಾದರೋ ದಶಕಗಳ ಕಾಲ ಬಾಳುವುದುಂಟು. ಅಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 10.4 ಮಿಲಿಮೀಟರ್ ಮಾತ್ರ. ಗುಂಡುಗಳು ಚದರುತ್ತಿದ್ದರೆ ಹೊಸ ನಳಿಗೆಗೆ ಹಣ ಕಟ್ಟುವ ಮೊದಲು ತೋಟಾದ ಬೇರೆ ಬೇರೆ ತಯಾರಿಕೆಯ ಕಂತುಗಳನ್ನು ಹಾರಿಸಿ ನೋಡಬೇಕು. ಒಂದೇ ಹೆಸರಿನ, ಒಂದೇ ಬೆಲೆಯ ಎರಡು ಕಂತುಗಳು ಒಂದೇ ನಳಿಗೆಯಲ್ಲಿ ಬೇರೆ ಬೇರೆಯಾಗಿ ವರ್ತಿಸುತ್ತವೆ. ಈಲಿ, ಲಪುವಾ ಕಂಪನಿಗಳು ಈಡುಗಾರರು ತಮ್ಮ ರೈಫಲನ್ನು ತಂದು ಕಂತು ಪರೀಕ್ಷಿಸಿಕೊಳ್ಳಲೆಂದೇ ಪ್ರತ್ಯೇಕ ಶಾಲೆಗಳನ್ನು ಇಟ್ಟಿವೆ.

ನಮ್ಮ ದೇಶದ ಓದುಗರಿಗೆ ಒಂದು ಮಾತು. 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಆಯುಧದ ಬಿಡಿಭಾಗವೂ ಆಯುಧವೇ. ಆದುದರಿಂದ ಬರಿಯ ನಳಿಗೆಯನ್ನಾದರೂ ಹೊರದೇಶದಿಂದ ತರಿಸುವ ಮೊದಲು ಪರವಾನಗಿಯ ಪ್ರಶ್ನೆಯನ್ನು ನಿಮ್ಮ ರೈಫಲ್ ಸಂಘದ ಮೂಲಕ ಬಗೆಹರಿಸಿಕೊಳ್ಳಿರಿ. ಮುಂಗಡ ಹಣ ಕಳುಹಿಸುವುದು ಅದಾದ ಮೇಲೆ.